ರಾಜರು ಮಂಡಿಯೂರುವ ಕೋಣೆ

ಆ ನಾಟಕ ಕಂಪನಿಯಲ್ಲಿ ರಾಜನಾಗಲಿ, ಸೇನಾಪತಿಯಾಗಲಿ, ರಾಕ್ಷಸನಾಗಲಿ, ರಂಗಕ್ಕೆ ಕಾಲಿಡುವ ಮುಂಚೆ ಒಬ್ಬ ಹೆಂಗಸಿನ ಮುಂದೆ ಮಂಡಿಯೂರಲೇಬೇಕಿತ್ತು. ಅವಳೇನು ಮಹಾರಾಣಿಯಲ್ಲ. ರಂಗದ ಹಿಂದಿನ ಇಕ್ಕಟ್ಟು ಓಣಿಯ ಕೊನೆಯಲ್ಲಿ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ವಿಗ್ಗು ಹೆಣೆಯುವವಳು. ಎಲ್ಲರೂ ಅವಳನ್ನು ಜಡೆಯಕ್ಕ ಎನ್ನುತ್ತಿದ್ದರು. ಕಂಪನಿಗೆಲ್ಲ ಕೂದಲು ಹಂಚಿದವಳ ಸ್ವಂತ ಜಡೆ ಮಾತ್ರ ಇಲಿಬಾಲದಷ್ಟಿತ್ತು.

ಮಂಡಿಯೂರುವುದು ಭಕ್ತಿಯಿಂದಲ್ಲ, ಅನಿವಾರ್ಯದಿಂದ. ಕೆಲವು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಗೋಂದು ಕಾಯಿಸುವ ಸ್ಪಿರಿಟ್ ಒಲೆ ಮಗುಚಿ ಅವಳ ಬಲಗಡೆಯ ತೋಳಿಗೆ ಬೆಂಕಿ ಹತ್ತಿತ್ತು. ಗಾಯ ಮಾಯಿತು. ಆದರೆ ಸುಮ್ಮನೆ ಮಾಯಲಿಲ್ಲ; ಕತ್ತಿನಿಂದ ಕಂಕುಳವರೆಗಿನ ಚರ್ಮವನ್ನೆಲ್ಲ ಸೆಳೆದು ಒಂದು ಹಗ್ಗ ಹೊಸೆದಿಟ್ಟು ಹೋಯಿತು. ಅಂದಿನಿಂದ ಬಲಗೈ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅದಕ್ಕಿಂತ ಮೇಲೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ವಿಗ್ಗು ಕೂರಿಸಲು ಎರಡೂ ಕೈ ಒಂದೇ ಎತ್ತರಕ್ಕೆ ಹೋಗಬೇಕು, ಎರಡೂ ಕಡೆ ಒಂದೇ ಸಮ ಎಳೆಯಬೇಕು. ನಟರು ಸ್ಟೂಲಿನ ಮೇಲೆ ಕೂರೋಣವೆಂದರೆ ರಾಜವೇಷದ ಸೊಂಟಕ್ಕೆ ಬೆತ್ತದ ಚೌಕಟ್ಟು. ಅದನ್ನು ಕಟ್ಟಿಕೊಂಡವನು ನಿಲ್ಲಬಹುದು, ಮಂಡಿಯೂರಬಹುದು, ಕೂರುವಂತಿಲ್ಲ. ಅವಳೇ ಸ್ಟೂಲು ಹತ್ತೋಣವೆಂದರೆ ಒಬ್ಬೊಬ್ಬ ನಟನದು ಒಂದೊಂದು ಎತ್ತರ, ಹತ್ತಿ ಇಳಿದು ಪೂರೈಸದು. ಹಾಗಾಗಿ ಸಿಂಹಾಸನ ಏರುವವರೆಲ್ಲ ಮೊದಲು ನೆಲಕ್ಕೆ ಇಳಿಯುತ್ತಿದ್ದರು.

"ಬೇಗ ಮುಗಿಸು ತಾಯಿ," ಎಂದು ಅವತ್ತೂ ಮಹಾರಾಜ ಗೊಣಗಿದ. ರಾಜನ ಪಾತ್ರವನ್ನೇ ಮಾಡಿ ಮಾಡಿ ಹೊರಗೂ ಮಹಾರಾಜ ಎಂದೇ ಹೆಸರಾದ ಆರಡಿಯ ಆಸಾಮಿ. "ಹೊರಗೆ ಹೋಗಿ ಮೂರು ರಾಜ್ಯ ಗೆಲ್ಲಬೇಕು, ಇಲ್ಲೇ ಮಂಡಿ ಸೋಲ್ತಾ ಇದೆ."

"ಅಲ್ಲಾಡಬೇಡಿ ಮಹಾರಾಜ್ರೇ. ಕಿರೀಟ ಕಿವಿಗೆ ಬಂದ್ರೆ ಜನ ನಿಮ್ಮನ್ನ ವಿದೂಷಕ ಅಂದ್ಕೋತಾರೆ."

ಅಷ್ಟರಲ್ಲಿ ಕಂಪನಿಯ ಯಜಮಾನರು ಬಾಗಿಲಲ್ಲಿ ನಿಂತರು. ಅವರು ಆ ಕೋಣೆಗೆ ಬರುವುದೇ ಅಪರೂಪ. ಬಂದರೆ ಬರಿಗೈಲಿ ಬರುವುದಿಲ್ಲ, ಒಂದು ತಾಪತ್ರಯ ತಂದಿರುತ್ತಾರೆ.

"ಜಡೆಯಕ್ಕ, ಹೊಸ ನಾಟಕದ ವಿಷಯ. ಒಬ್ಬೊಬ್ಬನಿಗೂ ನಾಲ್ಕೈದು ವೇಷ. ದೀಪ ಆರಿ ಹತ್ತೋದ್ರೊಳಗೆ ತಲೆ ಬದಲಾಗಬೇಕು. ಪರದೆ ಪಕ್ಕದಲ್ಲಿ, ನಿಂತ ಹಾಗೇ. ಇವರೆಲ್ಲ ಮಂಡಿಯೂರಿ ಎದ್ದು ಧೂಳು ಕೊಡವಿಕೊಳ್ಳೋಷ್ಟರಲ್ಲಿ ಯುದ್ಧ ಮುಗಿದು ಸಂಧಾನ ಆಗಿರುತ್ತೆ."

"ಅಂದ್ರೆ?"

"ನಿನ್ನನ್ನ ಬಿಡ್ತೀನಿ ಅಂದ್ಕೋಬೇಡಮ್ಮ. ಟಿಕೆಟ್ ಕಿಟಕಿಗೆ ಹಾಕ್ತೀನಿ. ಅಲ್ಲಿ ಕೈ ಮೇಲೆತ್ತೋ ಕೆಲಸ ಇಲ್ಲ, ಮುಂದೆ ಚಾಚೋ ಕೆಲಸ. ಒಂದೇ ತೊಂದರೆ, ಆ ಕಿಟಕಿಯಲ್ಲಿ ಕಾಣೋದು ಕತ್ತು, ನಿಮ್ಮಣ್ಣ ಹಚ್ಚೋ ಬಣ್ಣ ರಾತ್ರಿ ಆಟದವರೆಗೆ ನಿಲ್ಲಲ್ಲ. ಅದಕ್ಕೇನೋ ಲೇಸರ್ ಅಂತಿದೆಯಂತಲ್ಲ, ಆ ಖರ್ಚು ಕಂಪನೀದು."

ಜಡೆಯಕ್ಕ ಬಾಯಲ್ಲಿ ಕಚ್ಚಿದ್ದ ಪಿನ್ನು ತೆಗೆದಳು. "ಕತ್ತು ಹಾಗೇ ಇರಲಿ ಯಜಮಾನ್ರೇ. ಆ ಖರ್ಚನ್ನ ತೋಳಿಗೆ ಕೊಡ್ತೀರಾ?"

"ತೋಳು ಯಾರಿಗೆ ಕಾಣುತ್ತಮ್ಮ? ಕಂಕುಳು ನೋಡೋಕೆ ಯಾರಾದ್ರೂ ಟಿಕೆಟ್ ತಗೋತಾರಾ?"

ಮಂಡಿಯೂರಿದ್ದ ಮಹಾರಾಜ ನಗು ತಡೆಯಲಾರದೆ ಅಲ್ಲಾಡಿದ. ಕಿರೀಟ ಕಿವಿಗೆ ಬಂತು.

"ಹೊಸ ನಾಟಕ ಯಾವಾಗ?" ಎಂದಳು ಅವಳು.

"ವರ್ಷದ ಮೇಲಾಗುತ್ತೆ. ಬರೆಯೋನು ಇನ್ನೂ ನಾಯಕನ್ನ ಸಾಯಿಸೋದಾ ಬೇಡವಾ ಅಂತ ಕೂತಿದ್ದಾನೆ."

"ಹಾಗಾದ್ರೆ ಅಲ್ಲಿವರೆಗೆ ಈ ಕೋಣೆಗೆ ಬೇರೆಯವರನ್ನ ಹುಡುಕಬೇಡಿ. ಅವತ್ತು ನಾನು ನಿಂತವರ ತಲೆಗೆ ಕಿರೀಟ ಇಡದೇ ಹೋದ್ರೆ, ನಾನೇ ಹೋಗಿ ಆ ಕಿಟಕಿಯಲ್ಲಿ ಕೂರ್ತೀನಿ."

ಮಾತು ಆಡಿದ ಮೇಲೆ ಗೊತ್ತಾಯಿತು, ಅದನ್ನು ಉಳಿಸಿಕೊಳ್ಳಲು ಎಲ್ಲಿಗೆ ಹೋಗಬೇಕೆಂದೇ ತನಗೆ ಗೊತ್ತಿಲ್ಲವೆಂದು. ಕೇಳಿ ವಿಚಾರಿಸಿ ದೊಡ್ಡಾಸ್ಪತ್ರೆಯ ಚರ್ಮಕಸಿ ಮಾಡುವ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು.

ಡಾಕ್ಟರಮ್ಮ ಕಲೆಯನ್ನು ಒತ್ತಿ ನೋಡಿದರು, ಕೈಯನ್ನು ಮೆಲ್ಲಗೆ ಎತ್ತಿ ಎಲ್ಲಿ ಎಳೆಯುತ್ತದೆಂದು ಕೇಳಿದರು, ಆಮೇಲೆ ಸುತ್ತಿಬಳಸದೆ ಶುರು ಮಾಡಿದರು.

"ಕ್ರೀಮು, ಸಿಲಿಕೋನ್ ಪಟ್ಟಿ, ಬಿಗಿ ಅಂಗಿ, ಇಂಜೆಕ್ಷನ್, ಇವೆಲ್ಲ ಉಬ್ಬಿದ ಕಲೆಯನ್ನ ತಗ್ಗಿಸೋಕೆ. ಕಲೆ ಇನ್ನೂ ಹೊಸದಾಗಿದ್ದಾಗ ಲಾಭ ಜಾಸ್ತಿ. ಲೇಸರ್ ಬಣ್ಣ ತಿಳಿ ಮಾಡುತ್ತೆ, ಒರಟು ಕಮ್ಮಿ ಮಾಡುತ್ತೆ. ಒಂದು ಸಲಕ್ಕೆ ಮುಗಿಯಲ್ಲ, ಪ್ರತಿ ಸಲಕ್ಕೂ ಬಿಲ್ಲು ಬೇರೆ."

"ಇದರಲ್ಲಿ ಕೈ ಎತ್ತಿಸೋದು ಯಾವುದು ಮೇಡಂ?"

"ಯಾವುದೂ ಅಲ್ಲ. ನಿಮ್ಮ ಕಂಕುಳಲ್ಲಿರೋದು ಹಗ್ಗ. ಹಗ್ಗಕ್ಕೆ ಬಣ್ಣ ಬಳಿದ್ರೆ ಉದ್ದ ಆಗಲ್ಲ. ಕುಯ್ದು ಬಿಡಿಸಬೇಕು, ಬಿಡಿಸಿದ ಜಾಗಕ್ಕೆ ಬೇರೆ ಚರ್ಮ ತುಂಬಬೇಕು." ತೊಡೆಯಿಂದ ತೆಳ್ಳಗೆ ಹೆರೆದು ತೆಗೆದ ಚರ್ಮ ಒಂದು ದಾರಿ, ಎಂದರು. ಬೇಕಾದಷ್ಟು ಅಗಲ ಸಿಗುತ್ತದೆ, ಖರ್ಚೂ ಉಳಿದದ್ದಕ್ಕಿಂತ ಕಡಿಮೆ, ಆದರೆ ಅದಕ್ಕೆ ಕುಗ್ಗುವ ಚಾಳಿ. ಪೂರ್ತಿ ದಪ್ಪದ ಚರ್ಮ ಅಷ್ಟು ಕುಗ್ಗುವುದಿಲ್ಲ, ಆದರೆ ಮೈಯಲ್ಲಿ ಅಷ್ಟು ದೊಡ್ಡ ತುಂಡು ಕೊಡುವ ಜಾಗವಿಲ್ಲ. ಪಕ್ಕದಲ್ಲೇ ಸುಡದ ಚರ್ಮವಿದ್ದರೆ ಅದರ ರಕ್ತನಾಳದ ಸಮೇತ ತಿರುಗಿಸಿ ಕೂರಿಸಬಹುದು. "ನಿಮಗೆ ಬೆನ್ನಿನ ಕಡೆ ಸ್ವಲ್ಪ ಇದೆ. ಇನ್ನು ಕೃತಕ ಚರ್ಮದ ಪದರ ಅಂತಾನೂ ಬಂದಿದೆ."

"ಅದಕ್ಕೆಷ್ಟು?"

ಡಾಕ್ಟರಮ್ಮ ಹೇಳಿದರು. ಜಡೆಯಕ್ಕನಿಗೆ ಅದು ಬೆಲೆಯೋ ಫೋನ್ ನಂಬರೋ ತಿಳಿಯಲಿಲ್ಲ.

"ಅದು ನನ್ನ ಕೈಗೆಟುಕಲ್ಲ ಬಿಡಿ ಮೇಡಂ. ಸದ್ಯ ನನ್ನ ಕೈಗೆ ನನ್ನ ತಲೆಯೇ ಎಟುಕಲ್ಲ."

ಡಾಕ್ಟರಮ್ಮ ನಕ್ಕರು. "ನಿಮಗೆ ಅದು ಬೇಕಾಗೂ ಇಲ್ಲ. ಅರ್ಧ ಬೆನ್ನಿನ ಚರ್ಮ ತಿರುಗಿಸೋಣ, ಉಳಿದರ್ಧಕ್ಕೆ ತೊಡೆಯದ್ದು." ಅದರ ಖರ್ಚು ಹೆಚ್ಚುಕಡಿಮೆ ಅವಳ ಒಂದು ವರ್ಷದ ಸಂಬಳ. ಜೊತೆಗೆ ಕೈಯನ್ನು ಚಾಚಿ ಹಿಡಿಯುವ ಪಟ್ಟಿ, ಅಳತೆಗೆ ಹೊಲಿಸಿದ ಬಿಗಿ ಅಂಗಿ, ತಿಂಗಳುಗಟ್ಟಲೆ ವ್ಯಾಯಾಮ. "ಇದೆಲ್ಲ ಮಾಡದೆ ಬರೀ ಆಪರೇಷನ್ ಮಾಡಿಸಿಕೊಂಡ್ರೆ ದುಡ್ಡು ದಂಡ. ಚರ್ಮ ಮತ್ತೆ ಮುದುಡಿಕೊಳ್ಳುತ್ತೆ. ಇದು ಅರ್ಧ ಕತ್ತರಿ ಕೆಲಸ, ಅರ್ಧ ಹಠ."

"ಹಠ ಮನೇಲೇ ಬೇಕಾದಷ್ಟಿದೆ. ಅಮ್ಮನ ಕಡೆಯಿಂದ ಬಂದ ಆಸ್ತಿ ಅದೊಂದೇ. ಎಷ್ಟು ಮೇಲೆ ಬರುತ್ತೆ ಮೇಡಂ?"

"ತಲೆಗಿಂತ ಮೇಲೆ ಬರಬಹುದು. ಹಳೇ ಕೈ ಹಾಗೇ ಆಗುತ್ತೆ ಅಂತ ಮಾತು ಕೊಡಲ್ಲ. ಕಲೆಯಂತೂ ಇದ್ದೇ ಇರುತ್ತೆ. ತಡ ಮಾಡಿದಷ್ಟೂ ಒಳಗಿನ ಕೀಲೂ ಬಿಗಿಯುತ್ತೆ, ಅದೊಂದು ನೆನಪಿರಲಿ." ಆಮೇಲೆ ದನಿ ತಗ್ಗಿಸಿದರು. "ಆಸ್ಪತ್ರೇಲಿ ಒಂದು ದತ್ತಿನಿಧಿ ಇದೆ. ಆ ಸಮಿತಿಯಲ್ಲಿ ನಾವು ಡಾಕ್ಟರುಗಳು ಕೂರೋ ಹಾಗಿಲ್ಲ. ನಮ್ಮ ರೋಗಿಗಳಿಗೆ ನಾವೇ ಕೊಡಿಸಿಕೊಂಡ ಹಾಗಾಗುತ್ತಲ್ಲ. ಕೈ ಎಷ್ಟು ಎತ್ತೋಕಾಗುತ್ತೋ ಅಷ್ಟು ಎತ್ತಿರೋ ಒಂದು ಫೋಟೋ ಕೊಡಿ, ಕರೆದಾಗ ಹೋಗಿ ಹಾಜರಾಗಿ."

ಮನೆಯಲ್ಲಿ ಅಮ್ಮನಿಗೆ ಕಸಿ ಎಂಬ ಮಾತಿನ ಮೇಲೇ ಅನುಮಾನ. "ಗುಲಾಬಿ ಗಿಡಕ್ಕೆ ಮಾಡ್ತಾರಲ್ಲ, ಅದೇನೇ? ಕೈಗೆ ಮುಳ್ಳು ಗಿಳ್ಳು ಬಂದ್ಬಿಟ್ಟೀತು."

"ಮುಳ್ಳು ನಾಲಿಗೆಗೆ ಮಾತ್ರ ಬರೋದಮ್ಮ. ಅದು ಕಸಿಯಿಲ್ಲದೇನೇ ನಿನ್ನಿಂದ ನನಗೆ ಬಂದಿದೆ."

ಇಷ್ಟಕ್ಕೆ ನಗದೆ ಕೂತವನು ಅಣ್ಣ. ಕಂಪನಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುವವನು, ಅದಕ್ಕೇ ಅವನು ಬಣ್ಣದಣ್ಣ. ಬೆಂಕಿ ಹತ್ತಿದ ದಿನ ಕಂಬಳಿ ಹೊದೆಸಿ ಆರಿಸಿದವನು ಅವನೇ. ಆ ದಿನದ ಬಗ್ಗೆ ಅಣ್ಣ ತಂಗಿ ಇವತ್ತಿನವರೆಗೂ ಒಂದು ಮಾತಾಡಿಲ್ಲ. ಆದರೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕತ್ತಿನ ಕಲೆಯ ಮೇಲೆ ಹದವಾಗಿ ಬಣ್ಣ ಬೆರೆಸಿ ಹಚ್ಚುತ್ತಿದ್ದ. ಅವನು ಹಚ್ಚಿ ಮುಗಿಸಿದರೆ ಅಲ್ಲಿ ಬೆಂಕಿ ಬಿದ್ದಿತ್ತೆಂದು ಬೆಂಕಿಗೂ ನೆನಪಾಗುತ್ತಿರಲಿಲ್ಲ.

"ಸಮಿತಿಗೆ ಫೋಟೋ ಅಂದ್ರೆ ಹಾಗೇ ಹೋಗೋದಾ?" ಎಂದ ಅವನು. "ನಾಲ್ಕು ಜನದ ಕಣ್ಣಿಗೆ ಬೀಳೋ ಮುಖ ಕಣೇ. ಅಚ್ಚುಕಟ್ಟಾಗಿರಬೇಕು."

ಫೋಟೋ ತೆಗೆದವನು ಕಂಪನಿಯ ಪೋಸ್ಟರುಗಳಿಗೆ ಫೋಟೋ ತೆಗೆಯುವವನು. ಬಣ್ಣದಣ್ಣ ಬೆಳಿಗ್ಗೆಯೆಲ್ಲ ಕೂತು ಕತ್ತು, ಭುಜ, ತೋಳು, ಒಂದಿಂಚೂ ಬಿಡದೆ ತೀಡಿದ. ಕೈ ಎತ್ತು ಎಂದರೆ ಭುಜದ ಮಟ್ಟಕ್ಕೆ ನಿಂತಿತು. ಫೋಟೋದವನಿಗೆ ಸಮಾಧಾನವಿಲ್ಲ. "ಸೊಂಟ ಎಡಕ್ಕೆ ವಾಲಿಸಿ ಅಕ್ಕ. ಇನ್ನೂ. ಹಾಂ, ಈಗ ನೋಡಿ, ಕೈ ಆಕಾಶಕ್ಕೆ ಹೋಯ್ತು." ಹುಟ್ಟಿದಾಗಿನಿಂದ ಇಲ್ಲದ್ದನ್ನು ಇದೆಯೆಂದು ತೋರಿಸಿ ಹೊಟ್ಟೆ ಹೊರೆದ ಜನ. ಮೂವರಲ್ಲಿ ಒಬ್ಬರಿಗಾದರೂ ತಾವೇನು ಮಾಡುತ್ತಿದ್ದೇವೆಂದು ಹೊಳೆಯಲಿಲ್ಲ. ಫೋಟೋ ಕೈಗೆ ಬಂದಾಗ ಜಡೆಯಕ್ಕನೂ ಅದನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗಿದ್ದೀನಿ ಅಂದುಕೊಂಡಳು.

ಸಮಿತಿಯ ಅಧ್ಯಕ್ಷರಿಗೂ ಹಾಗೇ ಅನಿಸಿತು. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದನೆಯ ಮನುಷ್ಯ. ಪಕ್ಕದಲ್ಲಿ ನಿಧಿಯ ಲೆಕ್ಕ ನೋಡುವ ಹೆಂಗಸು, ಕನ್ನಡಕದ ಮೇಲಿಂದಲೇ ಪ್ರಪಂಚ ನೋಡುವವರು. ಜಡೆಯಕ್ಕ ಉದ್ದ ತೋಳಿನ ರವಿಕೆ ಹಾಕಿ, ಕತ್ತಿಗೆ ಅಣ್ಣನ ಬಣ್ಣ ಹೊತ್ತು ಮುಂದೆ ನಿಂತಿದ್ದಳು.

"ಇದು ಚಿಕಿತ್ಸೆಗೆ ಮೊದಲಿನ ಫೋಟೋನಾ?"

"ಹೌದು ಸರ್."

"ನಾವು ದಾನಿಗಳಿಗೆ 'ಮೊದಲು', 'ನಂತರ' ಅಂತ ಜೋಡಿ ಫೋಟೋ ಕಳಿಸ್ತೀವಮ್ಮ. ನಮ್ಮ 'ನಂತರ'ಗಳೆಲ್ಲ ನಿಮ್ಮ 'ಮೊದಲು' ಮುಂದೆ ಸಪ್ಪೆ! ನಿಮಗೆ ದುಡ್ಡು ಕೊಟ್ಟು ನಾವೇ ಕೆಡಿಸಬೇಕಷ್ಟೆ."

"ಡಾಕ್ಟರಮ್ಮನ ಚೀಟಿ ಇದೆಯಲ್ಲ ಸರ್?"

"ಇದೆ. ಅವರ ಅಕ್ಷರ ಅವರಿಗೇ ಪ್ರೀತಿ. ಫೋಟೋ ಆದ್ರೆ ನಮಗೂ ಓದೋಕೆ ಬರುತ್ತೆ."

ಲೆಕ್ಕದಮ್ಮ ಬಾಗಿಲ ಕಡೆ ಕೈ ತೋರಿಸಿದರು. "ಬೇಜಾರು ಮಾಡ್ಕೋಬೇಡಿ. ಹೊರಗೆ ನಿಮಗಿಂತ ಕಷ್ಟದಲ್ಲಿರೋರು ಕೂತಿದ್ದಾರೆ." ಕೂತಿದ್ದರು, ನಿಜ. ಅದಕ್ಕೇ ಜಡೆಯಕ್ಕ ತನ್ನ ಚೀಟಿ ಎತ್ತಿಕೊಂಡು ಅವರಿಗೆ ದಾರಿ ಬಿಟ್ಟಳು.

ಮನೆಗೆ ಬಂದು ಹೇಳಿದಾಗ ಬಣ್ಣದಣ್ಣನ ಮುಖದ ಬಣ್ಣ ಇಳಿಯಿತು. "ನನ್ನ ಕಸುಬೇ ನಿನಗೆ ಕೈ ಕೊಡ್ತು ಕಣೇ."

"ಕೊಟ್ರೆ ಕೊಡಲಿ ಬಿಡಣ್ಣ. ನನಗೆ ಒಂದು ಕೈ ಬೇಕೇ ಬೇಕು."

"ಸಾಕು ಮಾಡೇ," ಎಂದಳು ಅಮ್ಮ, ಸೊಪ್ಪು ಬಿಡಿಸುತ್ತಾ. "ಕೈ ಎತ್ತಿಬಿಡು ಅತ್ಲಾಗೆ. ಟಿಕೆಟ್ ಕಿಟಕೀಲಿ ಫ್ಯಾನಿದೆಯಂತೆ."

"ಕೈ ಎತ್ತೋಕೆ ಬಂದಿದ್ರೆ ಇಷ್ಟೆಲ್ಲ ಯಾಕಮ್ಮ? ಎತ್ತೋಕೆ ಬರೋವರೆಗೂ ನಾನು ಕೈ ಎತ್ತಲ್ಲ."

ಮಾರನೆಯ ದಿನದಿಂದ ಬಿಡುವಾದಾಗಲೆಲ್ಲ ಸಮಿತಿಯ ಕೋಣೆಯ ಹೊರಗಿನ ಬೆಂಚು ಅವಳದಾಯಿತು. ಹೆಣೆಯುವ ವಿಗ್ಗನ್ನೂ ಜೊತೆಗೊಯ್ಯುತ್ತಿದ್ದಳು. ಅರ್ಧ ಹೆಣೆದ ರಾಕ್ಷಸನ ತಲೆ ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿರುವ ಹೆಂಗಸನ್ನು ಕಂಡು ಬಂದುಹೋಗುವವರು ಬೆಚ್ಚುತ್ತಿದ್ದರು. ಕೊನೆಗೆ ಲೆಕ್ಕದಮ್ಮನೇ ಬೇಸತ್ತು, "ಇವರನ್ನ ಇನ್ನೊಂದು ಸಲ ಕರೆದ್ಬಿಡೋಣ ಸರ್. ಆ ತಲೆ ನನ್ನ ಕನಸಿಗೆ ಬರ್ತಿದೆ," ಎಂದರಂತೆ.

ಕರೆದ ದಿನ ಸಂಜೆಗೆ ನಾಟಕವಿತ್ತು. ಮಹಾರಾಜನ ಕಿರೀಟದ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಟಳು. ಗಿಡ್ಡ ತೋಳಿನ ರವಿಕೆ. ಕತ್ತಿಗೆ ಏನೂ ಇಲ್ಲ. ಬಣ್ಣದಣ್ಣ ಕಿಟಕಿಯ ಹತ್ತಿರ ಅವಳ ಮುಂದೆ ಕೂತು, ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದ. ಅವನ ಜೀವಮಾನದಲ್ಲೇ ಅತಿ ಕಷ್ಟದ ಮೇಕಪ್ಪು ಅದು.

ಅಧ್ಯಕ್ಷರು ಅವಳನ್ನು ನೋಡಿ ಹುಬ್ಬೇರಿಸಿದರು. "ಹೋದ ಸಲ ಇಲ್ಲದ ಕಲೆ ಈ ಸಲ ಎಲ್ಲಿಂದ ಬಂತು?"

"ಹೋದ ಸಲವೂ ಇತ್ತು ಸರ್. ಮೇಲೆ ಬಣ್ಣ ಇತ್ತು."

"ಹಚ್ಚಿದ್ದು ಯಾರು?"

ತಂಗಿಯ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಬಣ್ಣದಣ್ಣ ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಸರ್. ನಾಟಕದಲ್ಲಿ ಇದೇ ನನ್ನ ಕೆಲಸ. ಸುಟ್ಟ ಮುಖವನ್ನ ಚಂದ್ರನ ಹಾಗೆ ಮಾಡ್ತೀನಿ, ಚಂದ್ರನ ಹಾಗಿರೋದನ್ನ ಸುಟ್ಟ ಹಾಗೂ ಮಾಡ್ತೀನಿ."

ತಂಗಿ ಅವನ ಕಾಲು ತುಳಿದಳು. ತಡವಾಗಿತ್ತು.

"ಓಹೋ," ಎಂದರು ಲೆಕ್ಕದಮ್ಮ. "ಹಾಗಾದ್ರೆ ಇದೂ ನಿಮ್ಮದೇ ಕೈಕೆಲಸ ಯಾಕಾಗಿರಬಾರದು?"

ಇದ್ದದ್ದನ್ನು ಮುಚ್ಚಿದಾಗ ನಂಬಿದರು, ತೆರೆದಾಗ ನಂಬುತ್ತಿಲ್ಲ. ಜಡೆಯಕ್ಕ ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕರವಸ್ತ್ರ ಅದ್ದಿ, ಹಿಂಡಿ, ಲೆಕ್ಕದಮ್ಮನ ಮುಂದೆ ಹಿಡಿದಳು. "ಉಜ್ಜಿ ನೋಡಿ ಮೇಡಂ."

ಅವರು ಮೊದಲು ಮೆಲ್ಲಗೆ ಒರೆಸಿದರು.

"ಜೋರಾಗಿ ಉಜ್ಜಿ. ಅಲ್ಲಿ ನನಗೆ ಏನೂ ಗೊತ್ತಾಗಲ್ಲ."

ಉಜ್ಜಿದರು. ಕರವಸ್ತ್ರ ಬೆಳ್ಳಗೇ ಉಳಿಯಿತು. ಅವರ ಮುಖ ಮಾತ್ರ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿಕೊಂಡು, "ಕಲೆ ನಿಜ ಸರ್," ಎಂದರು.

"ಕಲೆ ನಿಜ, ಸರಿ. ಕೈ?" ಅಧ್ಯಕ್ಷರು ಬಿಡುವವರಲ್ಲ. "ನಾಟಕದವರಮ್ಮ ನೀವು. ಎತ್ತೋಕಾಗಲ್ಲ ಅಂತ ನಟನೆ ಮಾಡೋದು ಎಷ್ಟು ಹೊತ್ತಿನ ಮಾತು?"

"ನಟನೆ ಬಂದಿದ್ರೆ ನಾನೇ ರಾಣಿಯಾಗ್ತಿದ್ದೆ ಸರ್, ಬೇರೆಯವರಿಗೆ ಯಾಕೆ ಕಿರೀಟ ಇಡ್ತಿದ್ದೆ?" ಅವಳು ಪೆಟ್ಟಿಗೆ ಬಿಚ್ಚಿದಳು. "ಸ್ವಲ್ಪ ಎದ್ದು ನಿಂತ್ಕೋತೀರಾ?"

ಕುತೂಹಲಕ್ಕೋ ಏನೋ, ಅಧ್ಯಕ್ಷರು ಎದ್ದರು. ಜಡೆಯಕ್ಕ ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು. ಎಡಗೈ ಸಲೀಸಾಗಿ ಮೇಲೆ ಹೋಯಿತು. ಬಲಗೈ ಅವರ ಎದೆಯ ಗುಂಡಿಯ ಹತ್ತಿರ ನಿಂತುಬಿಟ್ಟಿತು. ಕಿರೀಟ ವಾಲಿತು, ಅದಕ್ಕೆ ಹೊಲಿದಿದ್ದ ವಿಗ್ಗಿನ ಉದ್ದ ಕೂದಲೆಲ್ಲ ಒಂದೇ ಕಡೆ ಸುರಿಯಿತು. ಅವಳು ಹಲ್ಲು ಕಚ್ಚಿ ಇನ್ನೂ ಎತ್ತಿದಳು. ಕಂಕುಳ ಅಂಚಿನಲ್ಲಿ ಹಗ್ಗ ಬಿಗಿದೆದ್ದು ಬಿಳಿಚಿಕೊಂಡಿತು. ಕತ್ತಿನ ಚರ್ಮ ಕೆಳಕ್ಕೆ ಜಗ್ಗಿ, ಬಾಯಿಯ ಒಂದು ಮೂಲೆ ತಾನಾಗಿ ಸೊಟ್ಟಗಾಯಿತು. ಅಷ್ಟು ಹತ್ತಿರದಿಂದ ಅದನ್ನು ನೋಡಿದ ಅಧ್ಯಕ್ಷರು ಉಸಿರು ಹಿಡಿದರು.

"ನನ್ನ ಕೈಯಿಂದ ನಿಮ್ಮ ತಲೆಗೆ ಎಷ್ಟಿದೆ ನೋಡಿ ಸರ್," ಎಂದಳು, ಕೈ ಇಳಿಸದೆ. "ನಾನು ಕೇಳ್ತಿರೋದು ಅಷ್ಟಕ್ಕೆ ಮಾತ್ರ. ಕತ್ತಿಗೆ ಬೇಡ, ಚೆಂದಕ್ಕೆ ಬೇಡ. ನಿಮ್ಮ 'ನಂತರ' ಫೋಟೋದಲ್ಲೂ ನಾನು ಹೀಗೇ ಇರ್ತೀನಿ. ಕೈ ಒಂದು ಮೇಲಿರುತ್ತೆ."

"ಈಗ... ಈಗ ಕೆಲಸ ಹೇಗೆ ಮಾಡ್ತೀರಿ?"

"ರಾಜರು ಮಂಡಿಯೂರ್ತಾರೆ."

ಅಧ್ಯಕ್ಷರು ಒಂದು ಸಲ ಲೆಕ್ಕದಮ್ಮನ ಕಡೆ ನೋಡಿದರು. ಆಮೇಲೆ ಮೇಜಿನ ಅಂಚು ಹಿಡಿದು, ಒಂದೊಂದೇ ಕಾಲು ಮಡಚಿ, ನೆಲಕ್ಕೆ ಇಳಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕಿರೀಟ ಅವರ ತಲೆಯ ಮೇಲೆ ಕೂತಿತ್ತು, ಎಡಕ್ಕಿಲ್ಲ ಬಲಕ್ಕಿಲ್ಲ.

"ಒಪ್ಪುತ್ತೆ ಸರ್," ಎಂದರು ಲೆಕ್ಕದಮ್ಮ. "ಮೀಟಿಂಗಿಗೆ ದಿನಾ ಹಾಕ್ಕೊಂಡು ಬನ್ನಿ."

ಏಳಲು ಬಣ್ಣದಣ್ಣ ಕೈ ಕೊಡಬೇಕಾಯಿತು. "ಅಯ್ಯಪ್ಪಾ," ಎಂದು ಮಂಡಿ ನೀವಿಕೊಳ್ಳುತ್ತಾ ಅಧ್ಯಕ್ಷರು ಹೇಳಿದರು, "ಆ ರಾಜರ ಮಂಡಿ ಉಳಿಸೋಕಾದರೂ ಕೊಡಬೇಕು." ಆಪರೇಷನ್ ಮತ್ತು ಪಟ್ಟಿಯ ಖರ್ಚು ನಿಧಿಯದು ಎಂದಾಯಿತು. ಬಿಗಿ ಅಂಗಿ, ವ್ಯಾಯಾಮ ನಿಯಮದಲ್ಲಿರಲಿಲ್ಲ. ನಿಯಮ ಮಾಡಿದವರಿಗೆ ಆಪರೇಷನ್ ಮುಗಿದ ಕೂಡಲೇ ರೋಗಿ ಮುಗಿದಂತೆ.

ಆ ಭಾಗಕ್ಕೆ ಜಡೆಯಕ್ಕ ಯಜಮಾನರ ಹತ್ತಿರ ಹೋದಳು. "ಕತ್ತಿನ ಲೇಸರಿಗೆ ಅಂತ ಇಟ್ಟಿದ್ದನ್ನ ಬಿಗಿ ಅಂಗಿಗೆ ಕೊಡಿ. ಅದು ಕತ್ತಿನವರೆಗೂ ಮುಚ್ಚುತ್ತೆ, ನಿಮಗೆ ಕಲೆ ಕಾಣಲ್ಲ."

"ನೀನು ನನ್ನ ಮಾತನ್ನೇ ನನಗೆ ಹೊಲಿದು ಕೊಡ್ತಿದ್ದೀಯಲ್ಲಮ್ಮ," ಎನ್ನುತ್ತಲೇ ಅವರು ಕೊಟ್ಟರು. ವ್ಯಾಯಾಮದ ಖರ್ಚಿಗೆ ಮಹಾರಾಜ ನಟರನ್ನೆಲ್ಲ ಸೇರಿಸಿದ. "ಇದು ದಾನ ಅಲ್ಲಪ್ಪ," ಎಂದು ಸಾರಿದ, "ನಮ್ಮ ಮಂಡಿಗಳ ವಿಮೆ. ಯಾರೂ ತಪ್ಪಿಸಿಕೊಳ್ಳೋ ಹಾಗಿಲ್ಲ."

ಆಪರೇಷನ್ ಆಯಿತು. ಎಚ್ಚರವಾದಾಗ ಕಂಕುಳಿಗಿಂತ ತೊಡೆ ಹೆಚ್ಚು ಉರಿಯುತ್ತಿತ್ತು. "ತಗೊಂಡೋರು ತಣ್ಣಗಿದ್ದಾರೆ, ಕೊಟ್ಟೋರು ಬೇಯ್ತಿದ್ದಾರೆ," ಎಂದು ಅವಳು ಗೊಣಗಿದ್ದು ಕೇಳಿ ಡಾಕ್ಟರಮ್ಮ, ಕಸಿಯಲ್ಲಿ ಹಾಗೇ, ಎಂದರು. ಪಟ್ಟಿ ಕಟ್ಟಿದ ಕೈ ಪಕ್ಕಕ್ಕೆ ಚಾಚಿಕೊಂಡೇ ಮನೆಗೆ ಬಂತು. ಬಾಗಿಲಲ್ಲಿ ಅಡ್ಡಡ್ಡ ನುಸುಳಬೇಕು. "ಹೋಗೋ ಬರೋ ಗಾಡಿಗಳಿಗೆ ದಾರಿ ತೋರಿಸ್ತಾ ನಿಂತ ಹಾಗಿದೀಯ," ಎಂದಳು ಅಮ್ಮ, ತುತ್ತು ಮಾಡಿ ಬಾಯಿಗಿಡುತ್ತಾ.

ಗಾಯ ಮಾಗಿದ ಮೇಲೆ ಹಠದ ಭಾಗ ಶುರುವಾಯಿತು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಬೇಕು, ನೋವು ಬಂದಲ್ಲಿ ನಿಂತು, ಇನ್ನೊಂದು ಚೂರು. ಬಣ್ಣದಣ್ಣ ತನ್ನ ಕೆಂಪು ಪೆನ್ಸಿಲ್ಲಿನಿಂದ ಅವಳ ನಡುಬೆರಳು ಮುಟ್ಟಿದ ಕಡೆ ಗೆರೆ ಎಳೆಯುತ್ತಿದ್ದ. ಗೆರೆಗಳು ಮೇಲೇರಿದವು. ಒಂದು ವಾರ ಇದ್ದಕ್ಕಿದ್ದಂತೆ ಕೆಳಗಿಳಿದವು. ತೊಡೆಯ ಚರ್ಮ ತನ್ನ ಚಾಳಿ ತೋರಿಸಿತ್ತು. ಅವತ್ತು ಬಣ್ಣದಣ್ಣನ ಪೆನ್ಸಿಲ್ಲು ಅವಳ ಬೆರಳಿಗಿಂತ ತುಸು ಮೇಲೆ ಹೋಗಿ ನಿಂತಿತು.

"ಅಣ್ಣ, ಬೆರಳು ಎಲ್ಲಿದೆಯೋ ಅಲ್ಲೇ ಹಾಕು."

"ಇಷ್ಟೇ ಇಷ್ಟು ಕಣೇ. ನಿನಗೂ ಧೈರ್ಯ ಬರುತ್ತೆ..."

"ನೀನು ಬರೆದ ಗೆರೆಗೆ ನನ್ನ ಕೈ ನೇತು ಹಾಕೋಕಾಗಲ್ಲಣ್ಣ. ಇರೋ ಕಡೆ ಹಾಕು, ನಾಳೆ ಅಲ್ಲಿಂದ ಹತ್ತುತ್ತೀನಿ."

ಅವನು ಕೆಳಗೇ ಹಾಕಿದ. ಅವಳು ಮತ್ತೆ ಬೆರಳಿಟ್ಟಳು. ಸೆಕೆಗೆ ಬಿಗಿ ಅಂಗಿಯೊಳಗೆ ಬೆವತು, ತುರಿಸಿ, ಅಮ್ಮನ ಮೇಲೆ ರೇಗಿ, ಕನ್ನಡಿ ಮುಂದೆ ಒಬ್ಬಳೇ ಅತ್ತು, ಆದರೂ ಗೋಡೆ ಬಿಡಲಿಲ್ಲ. ಬಾಡಿಗೆ ಮನೆಯ ಮಾಲೀಕ ಬಂದು, ಗೋಡೆಯೆಲ್ಲ ಕೆಂಪು ಮಾಡಿದ್ದೀರಿ ಎಂದು ಕೂಗಾಡಿದ. ಅಮ್ಮ ಅವನಿಗೆ ತನ್ನ ಹಠದ ಆಸ್ತಿಯ ಒಂದು ಪಾಲು ತೋರಿಸಿ ಕಳಿಸಿದಳು.

ನಾಟಕ ಬರೆಯುವವನು ಕೊನೆಗೂ ನಾಯಕನನ್ನು ಬದುಕಿಸಿದ. ಹೊಸ ನಾಟಕದ ಮೊದಲ ಪ್ರದರ್ಶನ. ಪರದೆಯ ಪಕ್ಕದ ಕತ್ತಲಲ್ಲಿ ಜಡೆಯಕ್ಕ ಕಿರೀಟ ಹಿಡಿದು ನಿಂತಿದ್ದಳು. ಯಜಮಾನರು ಎದುರಿನ ಪರದೆಯ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ದೀಪ ಆರಿತು. ಮಹಾರಾಜ ಸೈನಿಕನ ವೇಷದಲ್ಲಿ ಓಡಿ ಬಂದು ಅಭ್ಯಾಸಬಲದಿಂದ ದೊಪ್ಪನೆ ಮಂಡಿಯೂರಿದ.

"ಏಳಿ," ಎಂದಳು ಪಿಸುದನಿಯಲ್ಲಿ. "ಏಳಿ ಮೇಲೆ!"

ಅವನು ಎದ್ದು ನಿಂತ. ಎರಡೂ ಕೈ ಮೇಲೆ ಹೊರಟವು. ಎದೆ ದಾಟಿದವು, ಗದ್ದ ದಾಟಿದವು, ಕಿವಿಯ ಮಟ್ಟಕ್ಕೆ ಬಂದಾಗ ಹಳೆಯ ಹಗ್ಗದ ನೆನಪು ಒಂದು ಸಲ ಜಗ್ಗಿತು. ಅದನ್ನು ಕಂಡ ಮಹಾರಾಜ ಪಾಪ ಅಂದುಕೊಂಡು ತಲೆ ಬಾಗಿಸಲು ಹೋದ.

"ತಲೆ ಬಗ್ಗಿಸಬೇಡಿ. ನಾನು ಬರ್ತಿದ್ದೀನಿ."

ಅವನು ನೆಟ್ಟಗೆ ನಿಂತ. ಅವಳು ಉಸಿರು ಬಿಗಿಹಿಡಿದು, ಗೋಡೆಯ ಕೊನೆಯ ಕೆಂಪು ಗೆರೆಯನ್ನು ನೆನೆದು, ಅದರ ಮೇಲಕ್ಕೆ ಇನ್ನೊಂದು ಚೂರು ಕೈ ಚಾಚಿದಳು. ಕಿರೀಟ ಕೂತಿತು. ಎರಡೂ ಕಡೆ ಒಂದೇ ಸಮ ಎಳೆದಳು, ಪಿನ್ನು ಸಿಕ್ಕಿಸಿದಳು, ಬೆನ್ನ ಮೇಲೆ ತಟ್ಟಿ ಅವನನ್ನು ಬೆಳಕಿನ ಕಡೆ ದೂಡಿದಳು.

ದೀಪ ಹತ್ತಿತು. ಹಿಂದೆ ಸೇನಾಪತಿ ಮಂಡಿ ಮಡಚಲು ಶುರು ಮಾಡಿದ್ದ.

"ನಿಂತ್ಕೊಂಡೇ ಬನ್ರಪ್ಪಾ," ಎಂದಳು ಜಡೆಯಕ್ಕ, ಮುಂದಿನ ವಿಗ್ಗು ಎತ್ತಿಕೊಳ್ಳುತ್ತಾ.